ಹನ್ನೊಂದು ಬೆರಳಿನ ಜಾಗ

ಆ ಮನೆಯಲ್ಲಿ ಆರಡಿ ಉದ್ದದ ಖಾಲಿ ಗೋಡೆ ಅಂತ ಇದ್ದದ್ದು ಒಂದೇ. ಅಡುಗೆಮನೆಯ ಗೋಡೆಯನ್ನು ಕಪಾಟು ನುಂಗಿತ್ತು, ಮಲಗುವ ಕೋಣೆಯದನ್ನು ಬೀರು ನುಂಗಿತ್ತು. ಮಗಳ ಕೋಣೆ ಹೆಸರಿಗೆ ಮಾತ್ರ ಕೋಣೆ, ಅಲ್ಲಿ ನಿಂತು ಮೈ ಮುರಿದರೆ ಎರಡೂ ಕೈ ಗೋಡೆಗೆ ತಾಗುತ್ತಿದ್ದವು. ಉಳಿದದ್ದು ನಡುಮನೆಯ ಗೋಡೆ. ಹನ್ನೊಂದು ವರ್ಷ ಅದು ಆ ಮನೆಯೊಡತಿ ಚಿತ್ರಗಾರ್ತಿಯದೇ ಆಗಿತ್ತು. ಈಗ ಅದರ ಎದುರಿಗೆ ಅವಳ ಮಾವನ ಮಂಚ ಬಂದು ಕೂತಿತ್ತು.

ಮಾವ ನಲವತ್ತನಾಲ್ಕು ವರ್ಷ ಊರವರ ಮನೆಗಳಿಗೆಲ್ಲ ನೆಲದ ಟೈಲ್ಸ್ ಹಾಕಿದವರು. ಕೆಲಸದ ಕಡೆ ಎಲ್ಲರ ಬಾಯಲ್ಲೂ ಮೇಸ್ತ್ರಿ. ಅಷ್ಟು ವರ್ಷ ಮಂಡಿಯೂರಿ ಕೂತ ತಪ್ಪಿಗೆ ಎರಡು ಮಂಡಿಯೂ ಕೈಕೊಟ್ಟಿದ್ದವು. ಅವರೊಬ್ಬರೇ ಇದ್ದ ಬಾಡಿಗೆ ಕೋಣೆ ಮೂರನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಲಾರದೆ ಅರ್ಧದಲ್ಲೇ ಕೂತುಬಿಟ್ಟಿದ್ದಾರೆ ಅಂತ ಪಕ್ಕದವರು ಫೋನ್ ಮಾಡಿದ ದಿನ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಗ ಗ್ರೀಸ್ ಕೈಯಲ್ಲೇ ಓಡಿಹೋಗಿ ಕರೆದುಕೊಂಡು ಬಂದ. ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಅವಳೇನು ಬೇಡ ಅನ್ನುತ್ತಿರಲಿಲ್ಲ, ಆದರೆ ಕೇಳಬೇಕಿತ್ತು.

ಹೆಂಡತಿಯ ಕೆಲಸ ಮ್ಯೂಸಿಯಂನ ಉಗ್ರಾಣದಲ್ಲಿ. ಅಗೆದು ತಂದ ಸಾವಿರಾರು ವರ್ಷ ಹಳೆಯ ಮಡಕೆ ಚೂರುಗಳನ್ನು ಮುಂದಿಟ್ಟುಕೊಂಡು, ಅಳೆದು, ಇದ್ದದ್ದನ್ನು ಇದ್ದ ಹಾಗೆ ಕಾಗದಕ್ಕೆ ಇಳಿಸುವುದು. ಚೂರು ಕೈಯಲ್ಲಿದ್ದರೆ ಬರೆ, ಇಲ್ಲದಿದ್ದರೆ ಆ ಜಾಗ ಬಿಳಿ ಬಿಡು. ಹೀಗಿತ್ತೇನೋ ಅಂತ ಊಹಿಸಿ ಒಂದು ಗೆರೆ ಎಳೆದೆಯೋ ಕೆಲಸ ಹೋಯಿತು. ಹದಿನೇಳು ವರ್ಷ ಹೀಗೆ ತ್ರಿಕೋನ, ವಜ್ರಾಕಾರ, ಅಂಕುಡೊಂಕು ಗೆರೆ ಅಂತ ಬರೆದು ಬರೆದು, ಅವೇ ಅವಳ ಸ್ವಂತ ಚಿತ್ರಗಳಿಗೂ ಬಂದು ಸೇರಿಕೊಂಡವು. ಗಿಡವಿಲ್ಲ, ಮುಖವಿಲ್ಲ, ಮನೆಯಿಲ್ಲ. ಕೆಮ್ಮಣ್ಣಿನ ಬಣ್ಣ, ಕಪ್ಪು, ಗೆರೆ, ಕೋನ ಅಷ್ಟೇ. ಊರಿನ ಕಲಾಭವನದ ವಾರ್ಷಿಕ ಪ್ರದರ್ಶನಕ್ಕೆ ಆರು ವರ್ಷ ಕಳಿಸಿದಳು, ಆರು ವರ್ಷವೂ ವಾಪಸ್ ಬಂತು. ಒಂದು ಸಲವಂತೂ ಕಾರ್ಯದರ್ಶಿ ಮುಖಕ್ಕೇ ಹೇಳಿದ್ದ, “ಚೆನ್ನಾಗಿದೆ ಮೇಡಂ, ಆದ್ರೆ ಹಾಸಿಗೆ ಮೇಲಿನ ಚಾದರದ ಥರ ಇದೆ.” ಆ ರಾತ್ರಿ ಮನೆಯ ಚಾದರಗಳನ್ನೆಲ್ಲ ನೋಡಿ ಅವಳಿಗೆ ಹೊಟ್ಟೆ ಉರಿದುಹೋಗಿತ್ತು.

ಏಳನೇ ವರ್ಷ ಅವಳು ಒಂದು ಕೆಲಸ ಮಾಡಿದಳು. ಉಗ್ರಾಣದ ಒಂದು ದೊಡ್ಡ ಮಡಕೆ ಮೂವತ್ತೊಂದು ಚೂರಾಗಿ ಸಿಕ್ಕಿತ್ತು. ಅಂಟಿಸಿ ನಿಲ್ಲಿಸಿದ ಮೇಲೂ ಐದು ಕಡೆ ತೂತು. ಆ ಮಡಕೆಯ ಸುತ್ತಲಿನ ಚಿತ್ತಾರವನ್ನು ಬಿಚ್ಚಿ ಹಾಸಿದ ಹಾಗೆ ಆರಡಿಯ ಕ್ಯಾನ್ವಾಸಿನ ಮೇಲೆ ಬರೆದಳು. ತೂತಿದ್ದ ಐದು ಜಾಗಕ್ಕೆ ಬಣ್ಣವಿರಲಿ, ಬಣ್ಣಕ್ಕೆ ಮೊದಲಿನ ಬಿಳಿ ಅಸ್ತರು ಕೂಡ ಬಳಿಯದೆ ಬರೀ ಬಟ್ಟೆ ಕಾಣುವ ಹಾಗೆ ಬಿಟ್ಟಳು. ಫೋಟೋ ಕಳಿಸಿದ ಹದಿನೈದು ದಿನಕ್ಕೆ ಕಾಗದ ಬಂತು: ನಿಮ್ಮ ಚಿತ್ರ ಆಯ್ಕೆಯಾಗಿದೆ, ಖಾಲಿ ಬಿಟ್ಟ ಜಾಗಗಳೇ ಈ ಚಿತ್ರದ ಜೀವ, ಮುಂದಿನ ತಿಂಗಳ ಮೂರನೇ ಶುಕ್ರವಾರದೊಳಗೆ ತಲುಪಿಸಿ. ಅವಳು ಆ ಕಾಗದವನ್ನು ಅಕ್ಕಿ ಡಬ್ಬದ ಮೇಲಿಟ್ಟು, ಅನ್ನಕ್ಕೆ ನೀರು ಅಳೆಯುವಾಗಲೆಲ್ಲ ಓದುತ್ತಿದ್ದಳು.

ಮಾವ ಬಂದದ್ದು ಅದೇ ವಾರ. ಚಿತ್ರ ಗೋಡೆಗೆ ಒರಗಿತ್ತು. ಮಂಚ ಹಾಕಲು ಜಾಗವಿದ್ದದ್ದು ಅದರೆದುರಿಗೆ. ಹಾಗಾಗಿ ಮೇಸ್ತ್ರಿ ಬೆಳಿಗ್ಗೆ ಕಣ್ಣು ಬಿಟ್ಟರೆ ಚಿತ್ರ, ಮಧ್ಯಾಹ್ನ ಮಗ್ಗುಲು ಬದಲಿಸಿದರೆ ಚಿತ್ರ, ಮಾತ್ರೆ ನುಂಗಿ ತಲೆ ಎತ್ತಿದರೂ ಚಿತ್ರ.

ಮೂರನೇ ದಿನವೇ ಕೇಳಿದರು, “ಇದು ಯಾವಾಗ ಮುಗಿಯತ್ತಮ್ಮಾ?”

“ಮುಗಿದಿದೆ ಮಾವ.”

“ಮುಗಿದಿದೆಯಾ?” ಅವರು ಬಗ್ಗಿ ನೋಡಿದರು. “ಐದು ಕಡೆ ಬಿಟ್ಟುಹೋಗಿದೆಯಲ್ಲ.”

“ಬಿಟ್ಟುಹೋಗಿಲ್ಲ, ಬಿಟ್ಟಿರೋದು.”

“ಅದೇ ನಾನೂ ಹೇಳಿದ್ದು.”

ಪುಸ್ತಕಕ್ಕೆ ಕವರು ಹಾಕುತ್ತ ನೆಲದ ಮೇಲೆ ಕೂತಿದ್ದ ಮಗಳು, ಚೂಟಿ, ಕಿಸಕ್ಕೆಂದು ನಕ್ಕಳು. ಹದಿಮೂರು ವರ್ಷದ ಅವಳ ಬಾಯಿಗೆ ಬೀಗ ಇರಲಿಲ್ಲ. “ತಾತಾ, ಅಮ್ಮನ ಚಿತ್ರದಲ್ಲಿ ಇಲ್ಲದೇ ಇರೋದಕ್ಕೇ ಬೆಲೆ. ನನ್ನ ಗಣಿತದ ಪೇಪರಲ್ಲಿ ಐದು ಕಡೆ ಖಾಲಿ ಬಿಟ್ರೆ ಮಾತ್ರ ಬೈತಾರೆ.”

“ನಿನ್ನ ಬಾಯಿಗೆ ಮಣ್ಣು ಹಾಕ. ಎದ್ದು ತಟ್ಟೆ ಇಡು,” ಅಂದಳು ಅಮ್ಮ.

ಊಟದ ಹೊತ್ತಿನಲ್ಲೂ ಮೇಸ್ತ್ರಿಗೆ ಸಮಾಧಾನವಿಲ್ಲ. ಚಪಾತಿಯ ತುಂಡನ್ನು ಬೇಳೆಸಾರಿನಲ್ಲಿ ಅದ್ದಿ, ಬಾಯಿಗೆ ಇಡುವುದು ಬಿಟ್ಟು ಗೋಡೆ ಕಡೆ ನೋಡುತ್ತಿದ್ದರು. ನಲವತ್ತನಾಲ್ಕು ವರ್ಷದಲ್ಲಿ ಒಂದು ಟೈಲ್ ಕಡಿಮೆ ಬಿದ್ದ ನೆಲವನ್ನು ಅವರು ಬಿಟ್ಟು ಬಂದದ್ದಿಲ್ಲ. ಮದುವೆಯ ದಿನ ಕೂಡ ಯಾರದೋ ಬಚ್ಚಲುಮನೆಯ ಮೂಲೆ ಮುಗಿಸಿ ಬಂದವರು ಅವರು, ಅವರ ಹೆಂಡತಿ ಬದುಕಿರುವವರೆಗೂ ಅದನ್ನು ಆಡಿಕೊಂಡಿದ್ದರು.

ಎರಡನೇ ವಾರಕ್ಕೆ ಮನೆಯವರ ನೆಮ್ಮದಿ ಕೆಟ್ಟಿತು. ಮೊದಲು ಅವಳು ಬೆಳಿಗ್ಗೆ ಐದೂವರೆಯಿಂದ ಏಳೂವರೆಯವರೆಗೆ ನಡುಮನೆಯಲ್ಲಿ ಕೂತು ಬರೆಯುತ್ತಿದ್ದಳು. ದಿನದಲ್ಲಿ ಅವಳದು ಅಂತ ಇದ್ದದ್ದು ಆ ಎರಡು ಗಂಟೆ. ಈಗ ಐದೂವರೆಗೆ ದೀಪ ಹಾಕಿದರೆ ಮಾವನಿಗೆ ಎಚ್ಚರ. ಎಚ್ಚರವಾದರೆ ಬಿಸಿನೀರು, ಬಿಸಿನೀರಾದ ಮೇಲೆ ಮಾತ್ರೆ, ಮಾತ್ರೆಗೆ ಮೊದಲು ಏನಾದರೂ ತಿನ್ನಬೇಕು, ಆಮೇಲೆ ಮಂಡಿಗೆ ಶಾಖ. ಶುರು ಮಾಡಿದ ಮೂರು ಹೊಸ ಕ್ಯಾನ್ವಾಸುಗಳು ಬೀರುವಿನ ಹಿಂದೆ ಧೂಳು ತಿನ್ನುತ್ತ ನಿಂತಿದ್ದವು. ಗಂಡ ಏಳುವುದು ಏಳಕ್ಕೆ, ಎದ್ದವನು ಅಪ್ಪನ ಹಣೆ ಮುಟ್ಟಿ, “ನಿದ್ದೆ ಬಂತಾಪ್ಪಾ?” ಅಂತ ಕೇಳಿದರೆ ಅವನ ಕರ್ತವ್ಯ ಮುಗಿಯಿತು.

ಒಂದು ಭಾನುವಾರ ಪಾತ್ರೆ ತೊಳೆಯುವಾಗ ಅವಳ ತಾಳ್ಮೆ ತಪ್ಪಿತು. ಗಂಡ ಬಂದು, “ಟೀ ಸ್ವಲ್ಪ ಬೇಗ ಕೊಡಬಾರದಾ ಅಪ್ಪಂಗೆ?” ಅಂದಿದ್ದೇ ನೆಪ.

“ಬೇಗ? ಎಷ್ಟು ಬೇಗ? ಬೆಳಿಗ್ಗೆ ನಾಲ್ಕಕ್ಕೆ ಏಳಲಾ?”

“ಮೆತ್ತಗೆ ಮಾತಾಡೇ.”

“ಯಾಕೆ ಮೆತ್ತಗೆ? ನಿಮ್ಮಪ್ಪ ಬಂದ ಮೇಲೆ ನನಗೆ ಒಂದು ಗಂಟೆ ಸಿಕ್ಕಿಲ್ಲ. ಒಂದೇ ಒಂದು ಗಂಟೆ! ಎಲ್ಲ ಅರ್ಧಕ್ಕೇ ನಿಂತಿದೆ. ಹಿಡಿದದ್ದೆಲ್ಲ ಅರ್ಧಕ್ಕೆ!”

“ಹಾಗಾದ್ರೆ ಏನು, ಬೀದಿಗೆ ಬಿಡೋಣವಾ?”

“ನಾನು ಹಾಗಂದ್ನಾ? ಒಂದು ದಿನ ನೀವು ಎದ್ದು ಶಾಖ ಕೊಡಿ ಅಂತಿದ್ದೀನಿ. ಕೈ ಸವೆದುಹೋಗುತ್ತಾ?”

ಗಂಡ ಟೀ ಲೋಟ ತಾನೇ ಎತ್ತಿಕೊಂಡು ಹೊರಗೆ ಹೋದ. ನಡುಮನೆಯಲ್ಲಿ ಮೇಸ್ತ್ರಿ ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಹೋಗಿದ್ದಾರೆ ಅಂತ ಇಬ್ಬರೂ ಅಂದುಕೊಂಡರು. ಹಾಗೆ ಅಂದುಕೊಳ್ಳುವುದು ಇಬ್ಬರಿಗೂ ಅನುಕೂಲವಾಗಿತ್ತು.

ಚಿತ್ರ ತಲುಪಿಸಬೇಕಾದ ಶುಕ್ರವಾರಕ್ಕೆ ಎರಡು ದಿನ ಮೊದಲು, ಬುಧವಾರ ಸಂಜೆ ಐದೂಕಾಲಿಗೆ, ಅವಳು ಆಲೂಗಡ್ಡೆ ಚೀಲ ಹಿಡಿದುಕೊಂಡು ಮನೆಗೆ ಬಂದಳು. ಬಾಗಿಲಲ್ಲೇ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ನೋಡಿದರೆ ಮೇಸ್ತ್ರಿ ಅಡುಗೆಮನೆಯ ಮಣೆಯನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದಾರೆ. ಹೆಗಲ ಮೇಲೆ ಟವಲು, ಬಾಯಲ್ಲಿ ಪೆನ್ಸಿಲು, ಬೆರಳಿಗೆ ಕೆಮ್ಮಣ್ಣಿನ ಬಣ್ಣ. ಅವರ ಹಳೆಯ ಕೆಲಸದ ಚೀಲ ಮಂಚದ ಮೇಲೆ ಬಾಯ್ತೆರೆದು ಬಿದ್ದಿತ್ತು. ಅದರೊಳಗಿನ ಮೂಲೆಮಟ್ಟ, ದಾರದ ಉಂಡೆ, ಉಕ್ಕಿನ ಟೇಪು ಎಲ್ಲ ಹೊರಗೆ ಬಂದಿದ್ದವು. ಮಧ್ಯಾಹ್ನಕ್ಕೆ ಅವಳು ಮುಚ್ಚಿಟ್ಟು ಹೋಗಿದ್ದ ಊಟದ ತಟ್ಟೆ ಮುಚ್ಚಿದಂತೆಯೇ ಇತ್ತು.

“ಬಂದೆಯಾ? ನೋಡು,” ಅಂದರು ಮೇಸ್ತ್ರಿ. ಮುಖವೆಲ್ಲ ನಗು. “ನಾಲ್ಕು ಮುಗೀತು. ನಿನಗೆ ಪುರುಸೊತ್ತು ಎಲ್ಲಿ ಸಿಗಬೇಕು, ಅದಕ್ಕೇ ನಾನೇ ಕೂತೆ. ಗೆರೆ ಎಲ್ಲಿ ಸೇರುತ್ತೆ ಅಂತ ಹುಡುಕು ನೋಡೋಣ, ಸಿಗಲ್ಲ.”

ಸಿಗಲಿಲ್ಲ. ಅದೇ ಅವಳಿಗೆ ತಡೆಯಲಾಗದೆ ಹೋದದ್ದು. ಕೆಟ್ಟದಾಗಿ ಬಳಿದಿದ್ದರೆ ಬೇರೆ ಮಾತು. ತ್ರಿಕೋನದ ಮೊನೆಗೆ ಮೊನೆ, ಅಂಕುಡೊಂಕಿಗೆ ಅಂಕುಡೊಂಕು, ಅವಳ ಕೈಯೇ ಬರೆದಿದ್ದರೂ ಇಷ್ಟು ನೇರ ಬರುತ್ತಿರಲಿಲ್ಲ. ನಾಲ್ಕು ಖಾಲಿ ಜಾಗವೂ ಮಾಯ. ಗೋಡೆಗೆ ಒರಗಿ ನಿಂತಿದ್ದದ್ದು ಆರಡಿಯ ಒಂದು ಚೆಂದದ ಚಾದರ.

“ಐದನೇದು ಮಾತ್ರ ನನ್ನಿಂದ ಆಗ್ಲಿಲ್ಲ,” ಅಂತ ಮೇಸ್ತ್ರಿ ನಡುವಿನ ಸಾಲಿನ ಬಲತುದಿಗೆ ಪೆನ್ಸಿಲು ತೋರಿಸಿದರು. “ಈ ವಜ್ರ ಒಂದೊಂದೂ ಹದಿನಾಲ್ಕು ಬೆರಳು. ಇಲ್ಲಿ ಉಳಿದಿರೋದು ಹನ್ನೊಂದೇ. ಎಲ್ಲೋ ಅಳತೆ ತಪ್ಪಿದ್ದೀಯಮ್ಮಾ.”

ಆಲೂಗಡ್ಡೆ ನೆಲಕ್ಕೆ ಬಿದ್ದು ಮಂಚದಡಿಗೆ ಉರುಳಿದವು.

“ಏನು ಮಾಡಿದ್ರಿ ನೀವು?” ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ಏನು ಮಾಡಿಬಿಟ್ರಿ! ಆ ಬಿಳೀನೇ ಚಿತ್ರ, ಮಾವ. ಆ ಬಿಳೀಗೇ ಅವರು ಹೂಂ ಅಂದಿದ್ದು. ಏಳು ವರ್ಷ! ಏಳು ವರ್ಷ ಅವರ ಬಾಗಿಲು ಕಾದಿದ್ದೀನಿ ನಾನು!”

“ಒರೆಸಿದ್ರೆ ಹೋಗುತ್ತೆ ಬಿಡು,” ಮೇಸ್ತ್ರಿ ಟವಲು ಎಳೆದುಕೊಂಡರು.

“ಮುಟ್ಟಬೇಡಿ! ಬರೀ ಬಟ್ಟೆ ಅದು, ಕುಡಿದುಬಿಟ್ಟಿದೆ. ಸತ್ತರೂ ಹೋಗಲ್ಲ. ನಿಮಗೆ ಒಂದು ಕಡೆ ಸುಮ್ಮನೆ ಕೂರೋಕೆ ಆಗಲ್ವಾ? ನೀವು ಬಂದ ದಿನದಿಂದ ಈ ಮನೇಲಿ ನನ್ನದು ಅಂತ ಒಂದಾದ್ರೂ ಉಳಿದಿದೆಯಾ? ಗೋಡೆ ಹೋಯ್ತು, ಹೊತ್ತು ಹೋಯ್ತು, ಈಗ ಇದು!”

ಮೇಸ್ತ್ರಿ ಬಾಯಿಂದ ಪೆನ್ಸಿಲು ತೆಗೆದು ಕಿವಿಯ ಮೇಲೆ ಸಿಕ್ಕಿಸಿಕೊಂಡರು. ಆಮೇಲೆ ಅದನ್ನೂ ತೆಗೆದು ಚೀಲಕ್ಕೆ ಹಾಕಿದರು.

“ನೀನೇ ಅಂದ್ಯಲ್ಲಮ್ಮಾ,” ಅಂದರು. “ಆವತ್ತು ಅಡುಗೆಮನೇಲಿ. ನಾನು ಬಂದಿದ್ದಕ್ಕೆ ಎಲ್ಲ ಅರ್ಧಕ್ಕೆ ನಿಂತಿದೆ ಅಂತ. ಇದು ಕಣ್ಣೆದುರಿಗೇ ಇತ್ತು. ಇದಾದ್ರೂ ಮುಗೀಲಿ ಅಂತ ಕೂತೆ.”

ಮೇಸ್ತ್ರಿ ಸ್ಟೂಲಿನಿಂದ ಇಳಿಯಲು ಹೋದರು, ಮಂಡಿ ಮಡಿಸಲಾಗಲಿಲ್ಲ. ಇಡೀ ದಿನ ಒಂದೇ ಭಂಗಿಯಲ್ಲಿ ಕೂತು ಕಾಲು ಮರಗಟ್ಟಿತ್ತು. ಅವಳು ಹೋಗಿ ಕೈ ಹಿಡಿಯಲಿಲ್ಲ. ಆ ಹೊತ್ತಿಗೆ ಶಾಲೆಯಿಂದ ಬಂದ ಚೂಟಿ ಚೀಲ ಬಿಸಾಕಿ ತಾತನನ್ನು ಇಳಿಸಿದಳು.

ಗಂಡ ಬಂದವನು ಚಿತ್ರದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು, “ಚೆನ್ನಾಗೇ ಇದೆಯಲ್ಲೇ,” ಅಂದ.

“ಇನ್ನೊಂದು ಸಲ ಹೇಳಿ.”

“ಅಲ್ಲ, ಅಪ್ಪಂಗೆ ಏನು ಗೊತ್ತಾಗುತ್ತೆ...”

“ಅವರಿಗೆ ಗೊತ್ತಾಗಲ್ಲ ಸರಿ. ನಿಮಗೆ? ಅಕ್ಕಿ ಡಬ್ಬದ ಮೇಲೆ ಒಂದು ತಿಂಗಳಿಂದ ಕಾಗದ ಬಿದ್ದಿದೆ. ಒಂದು ದಿನ ಓದಿದ್ದೀರಾ?”

“ಅಪ್ಪ ಅನ್ನ ಮಾಡಿದ್ರೆ ತಾನೇ ಓದೋದು,” ಅಂದಳು ಚೂಟಿ. ಯಾರೂ ನಗಲಿಲ್ಲ. ಅವತ್ತು ಒಲೆ ಹಚ್ಚಲಿಲ್ಲ; ಮಧ್ಯಾಹ್ನದ ತಣ್ಣನೆಯ ಊಟವನ್ನು ಮೇಸ್ತ್ರಿ ಮುಂದೆ ಮೊಮ್ಮಗಳೇ ಇಟ್ಟಳು. ಅವರು ಎರಡು ತುತ್ತು ತಿಂದು ಕೈ ತೊಳೆದರು.

ಗುರುವಾರ ಅವಳು ರಜೆ ಹಾಕಿ, ಅಸ್ತರಿನ ಬಿಳಿ ಬಳಿದು ನೋಡಿದಳು. ಬಳಿದ ಬಿಳಿಯೇ ಬೇರೆ, ಬಿಟ್ಟ ಬಿಳಿಯೇ ಬೇರೆ. ನಾಲ್ಕು ಕಡೆಯೂ ಗಾಯಕ್ಕೆ ಪಟ್ಟಿ ಹಾಕಿದ ಹಾಗೆ ಕಂಡಿತು, ಹಸಿಯಿರುವಾಗಲೇ ಒರೆಸಿ ತೆಗೆದಳು. ಅಷ್ಟು ಹೊತ್ತೂ ಮೇಸ್ತ್ರಿ ಗೋಡೆಗೆ ಬೆನ್ನು ಮಾಡಿ ಮಲಗಿದ್ದರು. ಅವರ ಬೆನ್ನು ನೋಡಿದರೆ ಒಂದು ಗಳಿಗೆ ಕರುಳು ಚುರುಕ್ ಅನ್ನುತ್ತಿತ್ತು, ಮರುಗಳಿಗೆ ಚಿತ್ರ ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಶುಕ್ರವಾರ ಗಂಡ ಡಿಪೋದಲ್ಲಿ ಯಾರನ್ನೋ ಕಾಡಿಬೇಡಿ ವ್ಯಾನು ತಂದ. ಕಲಾಭವನದ ಕಾರ್ಯದರ್ಶಿ ಕನ್ನಡಕ ಏರಿಸಿ ಒಮ್ಮೆ ಚಿತ್ರ ನೋಡಿದ, ಒಮ್ಮೆ ಕೈಯಲ್ಲಿದ್ದ ಫೋಟೋ ನೋಡಿದ.

“ಇದು ನಾವು ಆರಿಸಿದ ಚಿತ್ರ ಅಲ್ಲವಲ್ಲ ಮೇಡಂ.”

“ಅದೇ ಚಿತ್ರ. ಮನೇಲಿ ಸ್ವಲ್ಪ... ತೊಂದರೆ ಆಯ್ತು.”

“ತೊಂದರೆ ಅಲ್ಲ ಬಿಡಿ, ತುಂಬಿಸಿಬಿಟ್ಟಿದ್ದೀರಿ. ಧೈರ್ಯ ಸಾಲಲಿಲ್ಲ ಅನ್ಸುತ್ತೆ.” ಅವನು ಫೋಟೋವನ್ನು ಕವರಿಗೆ ಹಾಕಿದ. “ಮುಂದಿನ ವರ್ಷ ನೋಡೋಣ.”

ಧೈರ್ಯ ಸಾಲಲಿಲ್ಲವಂತೆ! ಮೆಟ್ಟಿಲಿಳಿದು ಬರುವಾಗ ಅವಳಿಗೆ ಅಳು ಬರಲಿಲ್ಲ, ಆ ಕನ್ನಡಕ ಕಿತ್ತು ಎಸೆಯಬೇಕು ಅನ್ನಿಸಿತು. ಗಂಡ ದಾರಿಯುದ್ದಕ್ಕೂ ಗೇರು ಬದಲಿಸುತ್ತ ವ್ಯಾನು ಓಡಿಸಿದ. ಮನೆಗೆ ಬಂದರೆ ಮಂಚ ಖಾಲಿ. ಹಾಸಿಗೆಯ ಚಾದರವನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಸಿಟ್ಟಿತ್ತು. ಗಂಡನ ಅಕ್ಕ ಬಂದು ಕರೆದುಕೊಂಡು ಹೋಗಿದ್ದಳು.

“ತಾತನೇ ಅತ್ತೆಗೆ ಫೋನ್ ಮಾಡಿಸಿದ್ರು,” ಅಂದಳು ಚೂಟಿ. “ನಾನು ಬೇಡ ಅಂದೆ. ನೀನೂ ಬೇಡ ಅನ್ನಬಹುದಿತ್ತು, ನೀನು ಇರ್ಲಿಲ್ಲ.”

ಗೋಡೆ ಮತ್ತೆ ಅವಳದಾಯಿತು. ಶನಿವಾರ ಐದೂವರೆಗೆ ಎದ್ದು ದೀಪ ಹಾಕಿದಳು. ಬಿಸಿನೀರು ಕೇಳುವವರಿಲ್ಲ, ಎರಡು ಗಂಟೆ ಪೂರ್ತಿ ಕೈಯಲ್ಲಿತ್ತು. ಕುಂಚ ಹಿಡಿದು ಕೂತಳು, ಒಂದು ಗೆರೆ ಹುಟ್ಟಲಿಲ್ಲ. ಸಾಕಾಗಿ ಮಾವನ ಮಂಚದ ಮೇಲೆ ಅಡ್ಡಾದಳು. ಅಲ್ಲಿಂದ ನೋಡಿದರೆ ನೇರ ಕಣ್ಣಿಗೆ ಬೀಳುವುದು ಮತ್ತೆ ಗೋಡೆಗೆ ಒರಗಿಸಿದ್ದ ಚಿತ್ರದ ಐದನೆಯ ಜಾಗವೇ. ನೋಡದೆ ಇರೋಣ ಅಂದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಪಾಪ, ಈ ಮನುಷ್ಯ ಒಂದು ತಿಂಗಳು ಇದನ್ನು ಹೇಗೆ ಸಹಿಸಿದರೋ ಅನ್ನಿಸಿತು. ಜೊತೆಗೆ ಇನ್ನೊಂದು ಮಾತೂ ಕೊರೆಯುತ್ತಿತ್ತು. ಅಳತೆ ತಪ್ಪಿದ್ದೀಯಮ್ಮಾ ಅಂದಿದ್ದರು. ಹದಿನೇಳು ವರ್ಷದಲ್ಲಿ ಅವಳ ಅಳತೆ ತಪ್ಪು ಅಂತ ಯಾರೂ ಅಂದಿರಲಿಲ್ಲ. ಕಿಟಕಿಯಲ್ಲಿ ಅವರು ಮರೆತು ಹೋಗಿದ್ದ ಉಕ್ಕಿನ ಟೇಪು ತೆಗೆದುಕೊಂಡು ಅಳೆದಳು. ಆರು ವಜ್ರ ಸರಿಸಮ. ಏಳನೆಯದಕ್ಕೆ ಉಳಿದದ್ದು ನಿಜವಾಗಿಯೂ ಕಡಿಮೆ.

ಸೋಮವಾರ ಉಗ್ರಾಣದಲ್ಲಿ ಚೀಲವನ್ನೂ ಕೆಳಗಿಡದೆ ಆ ಮಡಕೆಯ ಮುಂದೆ ಹೋಗಿ ನಿಂತಳು. ಅದರ ಹೊಟ್ಟೆಯ ಸುತ್ತ ದಾರ ಹಿಡಿದಳು, ಒಂದೊಂದು ವಜ್ರಕ್ಕೂ ದಾರದ ಮೇಲೆ ಗುರುತು ಹಾಕಿದಳು. ಮಡಕೆಯಲ್ಲೂ ಹಾಗೇ. ಮಾಡಿದವರು ಒಂದು ಕಡೆಯಿಂದ ಉತ್ಸಾಹದಲ್ಲಿ ಬರೆಯುತ್ತ ಬಂದು, ಸುತ್ತು ಮುಗಿಯುವ ಹೊತ್ತಿಗೆ ಜಾಗ ಸಾಲದೆ ಸಿಕ್ಕಿಬಿದ್ದಿದ್ದಾರೆ. ಏಳನೆಯದನ್ನು ಹೇಗೆ ತುರುಕಿದರೋ, ಆ ಚೂರು ಮಾತ್ರ ಸಿಕ್ಕಿಲ್ಲ. ಅವಳು ಇದೇ ಮಡಕೆಯನ್ನು ಎರಡು ಸಲ ಬರೆದಿದ್ದಳು. ಬಿಳಿ ಬಿಟ್ಟರೆ ಆಯಿತಲ್ಲ, ಅಲ್ಲಿ ಏನು ಹಿಡಿಯುತ್ತದೆ ಅಂತ ಲೆಕ್ಕ ಹಾಕಿಯೇ ಇರಲಿಲ್ಲ. ಮಂಚದ ಮೇಲೆ ಬಿದ್ದಿದ್ದ ಮುದುಕರೊಬ್ಬರು ಬೆರಳಲ್ಲಿ ಅಳೆದು ಹಿಡಿದಿದ್ದರು.

ಸಂಜೆ ಮನೆಗೆ ಬಂದವಳೇ ಅತ್ತಿಗೆಯ ಮನೆಗೆ ಫೋನ್ ಮಾಡಿದಳು. ಅತ್ತಿಗೆ ಮುಖ ಊದಿಸಿಕೊಂಡ ದನಿಯಲ್ಲೇ, “ಇರು, ಕೊಡ್ತೀನಿ,” ಅಂದಳು.

“ಮಾವ, ನಾನು.”

“ಹೂಂ.”

“ಅಳತೆ ನಾನು ತಪ್ಪಿಲ್ಲ. ಮಡಕೇಲೇ ಹಾಗಿದೆ. ಇವತ್ತು ದಾರ ಹಿಡಿದು ನೋಡಿದೆ.”

“ಎಷ್ಟು ಕಡಿಮೆ?”

“ನೀವು ಹೇಳಿದಷ್ಟೇ. ಮಾಡಿದವರೇ ತಪ್ಪಿದ್ದಾರೆ.”

“ತಪ್ಪಲ್ಲಮ್ಮಾ ಅದು,” ಮೇಸ್ತ್ರಿಯ ದನಿಗೆ ಜೀವ ಬಂತು. “ಸುತ್ತಿ ಬಂದಾಗ ಕೊನೇದು ಯಾವತ್ತೂ ಪೂರ್ತಿ ಹಿಡಿಯಲ್ಲ. ಕತ್ತರಿಸಲೇಬೇಕು. ನಾವಾದ್ರೆ ಕತ್ತರಿಸಿದ್ದನ್ನ ಬಾಗಿಲ ಹಿಂದೆ ಹಾಕ್ತೀವಿ, ಬಂದೋರಿಗೆ ಕಾಣಬಾರದು ನೋಡು. ಇಲ್ಲಿ ಇವಳ ಮನೇಲಿ ಯಾವನೋ ಪುಣ್ಯಾತ್ಮ ನಡುಮನೆ ಮಧ್ಯಕ್ಕೇ ತಂದು ಹಾಕಿದ್ದಾನೆ. ಮೂರು ದಿನದಿಂದ ನಂಗೆ ಊಟ ಸೇರ್ತಿಲ್ಲ.”

ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಆ ಚಿತ್ರ ಹೋದದ್ದು ಹೋಯಿತು, ಅದನ್ನು ಅವರು ವಾಪಸ್ ಕೊಡಲಾರರು, ಇವಳು ಮರೆಯಲಾರಳು.

“ಮಾವ, ಅವತ್ತು ಅಡುಗೆಮನೇಲಿ ನಾನು ಅಂದಿದ್ದು...”

“ಸುಳ್ಳೇನಮ್ಮಾ ಅದು?”

ಸುಳ್ಳು ಅಂದುಬಿಟ್ಟಿದ್ದರೆ ಎಲ್ಲ ಸಲೀಸಾಗುತ್ತಿತ್ತು.

“ಅಲ್ಲ ಮಾವ. ನಿಜ. ಆದರೂ ಬನ್ನಿ.”

ಫೋನಿನಲ್ಲಿ ಹಿಂದೆ ಅತ್ತಿಗೆಯ ಮನೆಯ ಕುಕ್ಕರು ಕೂಗಿತು.

“ಬಂದ್ರೆ ಐದನೇದು ಮುಗಿಸೋಕೆ ಬಿಡ್ತೀಯಾ?”

“ಇಲ್ಲ.”

“ಹಾಗಾದ್ರೆ ಮಂಚ ಆ ಕಡೆ ತಿರುಗಿಸಿ ಹಾಕು. ಆ ಹನ್ನೊಂದು ಬೆರಳು ನೋಡ್ಕೊಂಡು ನನ್ನ ಕೈಲಿ ಮಲಗೋಕೆ ಆಗಲ್ಲ.”

ಅವಳು ಫೋನಿಟ್ಟು ಹೋಗಿ ಮಂಚ ಹಿಡಿದು ಎಳೆದಳು. ಹಳೇ ಕಾಲದ ಮರ, ಜಗ್ಗಲಿಲ್ಲ. ಆಗ ತಾನೇ ಡಿಪೋದಿಂದ ಬಂದು ಟೀಗೆ ಕಾಯುತ್ತ ಕೂತಿದ್ದ ಗಂಡನ ಕಡೆ ತಿರುಗಿ, “ಸುಮ್ಮನೆ ನೋಡ್ತಾ ಕೂತ್ರೆ ಆಯ್ತಾ? ಆ ತುದಿ ಹಿಡೀರಿ,” ಅಂದಳು. “ನಾಳೆಯಿಂದ ಬೆಳಿಗ್ಗೆ ಶಾಖ ಕೊಡೋದು ನೀವು.”

ಗಂಡ ಎದ್ದು ಬಂದು ಆ ತುದಿ ಹಿಡಿದ.